ವಿನ್ಸ್ ಲೊಂಬಾರ್ಡಿ

ವಿನ್ಸೆಂಟ್ ಥಾಮಸ್ ಲೊಂಬಾರ್ಡಿ (ಜೂನ್ 11, 1913 – ಸೆಪ್ಟೆಂಬರ್ 3, 1970) ಅಮೆರಿಕ ಸಂಯುಕ್ತ ಸಂಸ್ಥಾನದ ಸುಪ್ರಸಿದ್ಧ ಫುಟ್‌ಬಾಲ್ ತರಬೇತುದಾರರು. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಸಣ್ಣ ಪಟ್ಟಣದ 'ಗ್ರೀನ್ ಬೇ ಪ್ಯಾಕರ್ಸ್' ತಂಡಕ್ಕೆ 1959ರಿಂದ 1967ರವರೆಗೆ ಒಂಬತ್ತು ಋತುಗಳ ಕಾಲ ಮುಖ್ಯ ತರಬೇತುದಾರರಾಗಿದ್ದರು. ಈ ಅವಧಿಯಲ್ಲಿ ತಂಡವು ಐದು ಬಾರಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಚಾಂಪಿಯನ್ ಆಯಿತಲ್ಲದೆ ಮೊದಲ ಎರಡು ಸೂಪರ್ ಬೌಲ್ ಪಂದ್ಯಗಳನ್ನೂ ಗೆದ್ದಿತು. ವೃತ್ತಿಯ ಆರಂಭದಲ್ಲಿ ಅವರು ಎಂಟು ವರ್ಷಗಳ ಕಾಲ ಪ್ರೌಢಶಾಲಾ ಶಿಕ್ಷಕರಾಗಿದ್ದರು. ಸೋಲಿನಲ್ಲಿ ಮುಳುಗಿದ್ದ ತಂಡವೊಂದನ್ನು, ಯಾರೂ ಹೆಚ್ಚಿನ ಭರವಸೆ ಇಡದಿದ್ದ ಬಾರ್ಟ್ ಸ್ಟಾರ್ ಎಂಬ ಯುವ ಆಟಗಾರನನ್ನೂ ಜೊತೆಗಿಟ್ಟುಕೊಂಡು ಮೇಲೆತ್ತಿದ ಕಾರಣಕ್ಕಾಗಿ ಲೊಂಬಾರ್ಡಿಯವರ ಹೆಸರು ಇಂದಿಗೂ ಬಳಕೆಯಲ್ಲಿದೆ. ಸೂಪರ್ ಬೌಲ್ ವಿಜೇತರಿಗೆ ನೀಡುವ ಬೆಳ್ಳಿಯ ಪಾರಿತೋಷಕಕ್ಕೆ ಅವರ ಹೆಸರನ್ನೇ ಇಡಲಾಗಿದೆ.

ಆಟದ ಕಿರುಪರಿಚಯ

ಕರ್ನಾಟಕದಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡಾಟ. ಅಮೆರಿಕದಲ್ಲಿ ಅದೇ ಹೆಸರಿನಿಂದ ಕರೆಯುವ ಆಟ ಬೇರೆಯದು. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದಾಗಿದ್ದು, ಅದನ್ನು ಬಹುತೇಕ ಕೈಯಲ್ಲೇ ಹಿಡಿದು ಓಡಲಾಗುತ್ತದೆ ಅಥವಾ ಎಸೆಯಲಾಗುತ್ತದೆ. ಪ್ರತಿ ತಂಡದಿಂದ ಹನ್ನೊಂದು ಮಂದಿ ಅಂಕಣದಲ್ಲಿರುತ್ತಾರೆ. ಚೆಂಡು ಹೊಂದಿರುವ ತಂಡ ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳು ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಎದುರಾಳಿಯ ಗಡಿಗೆರೆಯನ್ನು ಚೆಂಡಿನೊಡನೆ ದಾಟಿದರೆ ಆರು ಅಂಕ ಲಭಿಸುತ್ತದೆ. ಇದಕ್ಕೆ 'ಟಚ್‌ಡೌನ್' ಎಂದು ಹೆಸರು.

ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಬರುವುದು 'ಕ್ವಾರ್ಟರ್‌ಬ್ಯಾಕ್' ಎಂಬ ಆಟಗಾರನ ಕೈಗೆ. ಅದನ್ನು ಎಸೆಯಬೇಕೇ, ಓಟಗಾರನ ಕೈಗೆ ಕೊಡಬೇಕೇ, ತಾನೇ ಹೊತ್ತು ನುಗ್ಗಬೇಕೇ ಎಂಬುದು ಅವನಿಂದ ನಡೆಯುವ ಕಾರ್ಯ. ಇಂದು ತರಬೇತುದಾರರು ಶಿರಸ್ತ್ರಾಣದೊಳಗಿನ ಧ್ವನಿಯಂತ್ರದ ಮೂಲಕ ಕ್ವಾರ್ಟರ್‌ಬ್ಯಾಕ್‌ಗೆ ಸೂಚನೆ ನೀಡುತ್ತಾರೆ. ಲೊಂಬಾರ್ಡಿಯವರ ಕಾಲದಲ್ಲಿ ಬಹುಪಾಲು ನಿರ್ಧಾರಗಳನ್ನು ಕ್ವಾರ್ಟರ್‌ಬ್ಯಾಕ್ ಅಂಕಣದಲ್ಲಿ ನಿಂತು ತಾನೇ ಕೈಗೊಳ್ಳಬೇಕಿತ್ತು. ಆದ್ದರಿಂದ ಹೊಸ ತರಬೇತುದಾರ ಮತ್ತು ಯುವ ಕ್ವಾರ್ಟರ್‌ಬ್ಯಾಕ್ ಒಟ್ಟಿಗೆ ದೊರೆತಾಗ ಅಭಿಮಾನಿಗಳಲ್ಲಿ ಹುಟ್ಟುವ ಆಸೆಗೆ ಈ ಆಟದಲ್ಲಿ ವಿಶೇಷ ಸ್ಥಾನವಿದೆ.

ಜನನ ಮತ್ತು ಬಾಲ್ಯ

ಲೊಂಬಾರ್ಡಿಯವರು ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿರುವ ಶೀಪ್ಸ್‌ಹೆಡ್ ಬೇ ಎಂಬಲ್ಲಿ ಜನಿಸಿದರು. ತಂದೆ ಎನ್ರಿಕೊ (ಹ್ಯಾರಿ) ಲೊಂಬಾರ್ಡಿ, ತಾಯಿ ಮಟಿಲ್ಡಾ ಇಝೊ. ಎರಡೂ ಕುಟುಂಬಗಳು ಇಟಲಿಯಿಂದ ವಲಸೆ ಬಂದವು. ತಂದೆ ಮಾಂಸದ ವ್ಯಾಪಾರ ನಡೆಸುತ್ತಿದ್ದರು. ಐವರು ಮಕ್ಕಳಲ್ಲಿ ವಿನ್ಸ್ ಹಿರಿಯರು. ಮನೆಯಲ್ಲಿ ದುಡಿಮೆ, ಶಿಸ್ತು ಮತ್ತು ಕ್ಯಾಥೊಲಿಕ್ ಧರ್ಮಶ್ರದ್ಧೆಗಳು ಪ್ರಧಾನವಾಗಿದ್ದವು. ದಿನವೂ ಪ್ರಾರ್ಥನೆಗೆ ಹೋಗುವ ರೂಢಿಯನ್ನು ಅವರು ಜೀವನದ ಕೊನೆಯವರೆಗೂ ಬಿಡಲಿಲ್ಲ.

ಪಾದ್ರಿಯಾಗಬೇಕೆಂಬ ಹಂಬಲದಿಂದ 1928ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಅವರು ಧಾರ್ಮಿಕ ಶಿಕ್ಷಣದ ಶಾಲೆಯೊಂದನ್ನು ಸೇರಿದರು. ನಾಲ್ಕು ವರ್ಷಗಳ ನಂತರ ಆ ಮಾರ್ಗವನ್ನು ಬಿಟ್ಟು ಸೇಂಟ್ ಫ್ರಾನ್ಸಿಸ್ ಪ್ರೌಢಶಾಲೆಗೆ ಸೇರಿ ಅಲ್ಲಿ ಫುಟ್‌ಬಾಲ್ ಆಡಿದರು.

ವಿದ್ಯಾಭ್ಯಾಸ

1933ರಲ್ಲಿ ಲೊಂಬಾರ್ಡಿಯವರು ನ್ಯೂಯಾರ್ಕಿನ ಫೋರ್ಡಮ್ ವಿಶ್ವವಿದ್ಯಾಲಯಕ್ಕೆ ಪ್ರವೇಶ ಪಡೆದರು. ಜೆಸ್ಯೂಟ್ ಪಾದ್ರಿಗಳು ನಡೆಸುತ್ತಿದ್ದ ಈ ವಿಶ್ವವಿದ್ಯಾಲಯದಲ್ಲಿ ಓದಿಗೂ ನೀತಿಶಿಕ್ಷಣಕ್ಕೂ ಸಮಾನ ಮಹತ್ವವಿತ್ತು. ಆಟದಲ್ಲಿ ಅವರು 'ಗಾರ್ಡ್' ಎಂಬ ಮುಂಚೂಣಿಯ ಸ್ಥಾನದಲ್ಲಿ ನಿಲ್ಲುತ್ತಿದ್ದರು. ಆ ಸ್ಥಾನಕ್ಕೆ ಅವರ ಮೈಕಟ್ಟು ಚಿಕ್ಕದೇ ಆಗಿತ್ತು. ಆದರೂ 1936ರ ಫೋರ್ಡಮ್ ತಂಡದ ಮುಂಚೂಣಿಯ ಏಳು ಮಂದಿಗೆ 'ಏಳು ಕಗ್ಗಲ್ಲುಗಳು' ಎಂಬರ್ಥದ ಬಿರುದು ಬಂದಾಗ ಆ ಏಳರಲ್ಲಿ ಲೊಂಬಾರ್ಡಿಯವರೂ ಒಬ್ಬರಾಗಿದ್ದರು.

ಅಂದಿನ ಫೋರ್ಡಮ್ ತಂಡದ ತರಬೇತುದಾರ ಜಿಮ್ ಕ್ರೌಲಿ ಗ್ರೀನ್ ಬೇ ಪಟ್ಟಣದಲ್ಲಿ ಬೆಳೆದವರು. ಪ್ಯಾಕರ್ಸ್ ತಂಡವನ್ನು ಕಟ್ಟಿದ ಕರ್ಲಿ ಲ್ಯಾಂಬೊ ಅವರಿಂದಲೇ ಪ್ರೌಢಶಾಲೆಯಲ್ಲಿ ಆಟ ಕಲಿತವರು. ಹೀಗೆ ಲೊಂಬಾರ್ಡಿಯವರು ಆ ಊರನ್ನು ಕಾಣುವುದಕ್ಕೆ ಎಷ್ಟೋ ಮೊದಲೇ ಅಲ್ಲಿನ ಆಟದ ಪರಂಪರೆ ಅವರನ್ನು ತಲುಪಿತ್ತು. 1937ರಲ್ಲಿ ಅವರು ಪದವಿ ಪಡೆದರು.

ಶಿಕ್ಷಕ ವೃತ್ತಿ

ಪದವಿಯ ನಂತರ ಎರಡು ವರ್ಷ ಅವರಿಗೆ ನಿಶ್ಚಿತ ದಾರಿ ಕಾಣಲಿಲ್ಲ. ಸಾಲ ನೀಡುವ ಸಂಸ್ಥೆಯೊಂದರಲ್ಲಿ ದುಡಿದರು, ಸಣ್ಣ ತಂಡಗಳಲ್ಲಿ ಆಡಿದರು. ಕಾನೂನು ವ್ಯಾಸಂಗಕ್ಕೆ ಸೇರಿ ಬಹುಬೇಗ ಬಿಟ್ಟರು. 1939ರಲ್ಲಿ ನ್ಯೂಜೆರ್ಸಿ ರಾಜ್ಯದ ಎಂಗಲ್‌ವುಡ್‌ನಲ್ಲಿದ್ದ ಸೇಂಟ್ ಸಿಸಿಲಿಯಾ ಪ್ರೌಢಶಾಲೆಯಲ್ಲಿ ಶಿಕ್ಷಕರಾಗಿ ಮತ್ತು ಫುಟ್‌ಬಾಲ್ ತಂಡದ ಸಹಾಯಕ ತರಬೇತುದಾರರಾಗಿ ನೇಮಕಗೊಂಡರು. ಲ್ಯಾಟಿನ್, ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರಗಳನ್ನು ಬೋಧಿಸಿದರು. 1940ರ ಆಗಸ್ಟ್ 31ರಂದು ಮೇರಿ ಪ್ಲಾನಿಟ್ಸ್ ಅವರನ್ನು ವಿವಾಹವಾದರು. ದಂಪತಿಗಳಿಗೆ ವಿನ್ಸೆಂಟ್ ಎಂಬ ಮಗನೂ ಸೂಸನ್ ಎಂಬ ಮಗಳೂ ಜನಿಸಿದರು.

1942ರಲ್ಲಿ ಲೊಂಬಾರ್ಡಿಯವರು ಶಾಲಾ ತಂಡದ ಮುಖ್ಯ ತರಬೇತುದಾರರಾದರು. ಮರುವರ್ಷವೇ ಆ ತಂಡ ದೇಶದ ಅತ್ಯುತ್ತಮ ಪ್ರೌಢಶಾಲಾ ತಂಡಗಳ ಸಾಲಿನಲ್ಲಿ ಹೆಸರು ಪಡೆಯಿತು. ತರಗತಿಯಲ್ಲಿ ಅತ್ಯಂತ ನಿಧಾನವಾಗಿ ಕಲಿಯುವ ವಿದ್ಯಾರ್ಥಿಗೆ ಪಾಠ ಅರ್ಥವಾಗುವವರೆಗೆ ಮುಂದಿನ ಪಾಠಕ್ಕೆ ಹೋಗದಿರುವುದು ಅವರ ಕ್ರಮವಾಗಿತ್ತು. ಒಂದೇ ವಿಷಯವನ್ನು ಹಲವು ಬಗೆಗಳಲ್ಲಿ, ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುತ್ತಿದ್ದರು. ಕಪ್ಪುಹಲಗೆ, ಸೀಮೆಸುಣ್ಣ ಮತ್ತು ಪುನರಾವರ್ತನೆ ಎಂಬ ಈ ಮೂರು ಸಾಧನಗಳನ್ನೇ ಅವರು ಮುಂದೆ ವೃತ್ತಿಪರ ಆಟಗಾರರ ಮೇಲೂ ಪ್ರಯೋಗಿಸಿದರು.

ವೆಸ್ಟ್ ಪಾಯಿಂಟ್ ಮತ್ತು ನ್ಯೂಯಾರ್ಕ್ ಜೈಂಟ್ಸ್

1947ರಲ್ಲಿ ಲೊಂಬಾರ್ಡಿಯವರು ಫೋರ್ಡಮ್‌ಗೆ ಮರಳಿ ಎರಡು ವರ್ಷ ತರಬೇತಿ ನೀಡಿದರು. 1949ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ತಂಡಕ್ಕೆ ಸಹಾಯಕರಾದರು. ಅಲ್ಲಿನ ಮುಖ್ಯ ತರಬೇತುದಾರ ಕರ್ನಲ್ ಅರ್ಲ್ 'ರೆಡ್' ಬ್ಲೇಕ್ ಅವರಿಂದ ಪಂದ್ಯಗಳ ಚಲನಚಿತ್ರಗಳನ್ನು ತುಣುಕು ತುಣುಕಾಗಿ ಪರಿಶೀಲಿಸುವ ವಿಧಾನವನ್ನೂ ಅನಗತ್ಯವಾದುದನ್ನು ಕೈಬಿಟ್ಟು ಆಟವನ್ನು ಸರಳಗೊಳಿಸುವ ಬಗೆಯನ್ನೂ ಕಲಿತರು. ತಮ್ಮ ಗುರುಗಳಲ್ಲಿ ಬ್ಲೇಕ್ ಅವರಿಗೆ ಅವರು ಸದಾ ಅಗ್ರಸ್ಥಾನ ನೀಡುತ್ತಿದ್ದರು.

1954ರಲ್ಲಿ ವೃತ್ತಿಪರ ತಂಡವಾದ ನ್ಯೂಯಾರ್ಕ್ ಜೈಂಟ್ಸ್ ಅವರನ್ನು ಆಕ್ರಮಣ ವಿಭಾಗದ ಹೊಣೆಗಾರರನ್ನಾಗಿ ನೇಮಿಸಿತು. ರಕ್ಷಣಾ ವಿಭಾಗದ ಹೊಣೆ ಟಾಮ್ ಲ್ಯಾಂಡ್ರಿ ಅವರದಾಗಿತ್ತು. ಇದೇ ಲ್ಯಾಂಡ್ರಿ ಮುಂದೆ ಡಲ್ಲಾಸ್ ತಂಡದ ತರಬೇತುದಾರರಾಗಿ ಲೊಂಬಾರ್ಡಿಯವರಿಗೆ ಎದುರಾಳಿಯಾದರು. 1956ರಲ್ಲಿ ಜೈಂಟ್ಸ್ ತಂಡ ಶಿಕಾಗೊ ಬೇರ್ಸ್ ತಂಡವನ್ನು 47–7ರಿಂದ ಸೋಲಿಸಿ ಚಾಂಪಿಯನ್ ಆಯಿತು. ಇಷ್ಟಾದರೂ ಮುಖ್ಯ ತರಬೇತುದಾರನ ಹುದ್ದೆ ಲೊಂಬಾರ್ಡಿಯವರಿಗೆ ಸುಲಭವಾಗಿ ಒಲಿಯಲಿಲ್ಲ. ತಮ್ಮ ಇಟಾಲಿಯನ್ ಹೆಸರೇ ಇದಕ್ಕೆ ಅಡ್ಡಿಯಾಗಿದೆಯೆಂದು ಅವರು ಭಾವಿಸಿದ್ದರು. ಕಾಯುತ್ತಾ ಅವರ ವಯಸ್ಸು ನಲವತ್ತೈದಾಯಿತು.

ಗ್ರೀನ್ ಬೇ ಪಟ್ಟಣದ ಸ್ಥಿತಿ

ಪ್ಯಾಕರ್ಸ್ ತಂಡವನ್ನು 1919ರಲ್ಲಿ ಕರ್ಲಿ ಲ್ಯಾಂಬೊ ಮತ್ತು ಪತ್ರಕರ್ತ ಜಾರ್ಜ್ ಕ್ಯಾಲ್‌ಹೂನ್ ಸ್ಥಾಪಿಸಿದರು. ಮಾಂಸವನ್ನು ಡಬ್ಬಿಗಳಲ್ಲಿ ತುಂಬುವ ಸ್ಥಳೀಯ ಕಂಪನಿಯೊಂದು ಸಮವಸ್ತ್ರಕ್ಕೆ ಹಣ ನೀಡಿದ್ದರಿಂದ ತಂಡಕ್ಕೆ ಆ ಹೆಸರು ಬಂದಿತು. 1929ರಿಂದ 1944ರೊಳಗೆ ತಂಡ ಆರು ಬಾರಿ ಚಾಂಪಿಯನ್ ಆಗಿತ್ತು. ಲೀಗ್‌ನ ಇತರ ತಂಡಗಳಿಗೆ ಶ್ರೀಮಂತ ಮಾಲೀಕರಿದ್ದರೆ ಪ್ಯಾಕರ್ಸ್ ತಂಡ ಊರಿನವರದೇ ಆಗಿತ್ತು. 1923ರಿಂದ ಆರಂಭಿಸಿ ಹಣದ ಮುಗ್ಗಟ್ಟು ಬಂದಾಗಲೆಲ್ಲ ಸಾರ್ವಜನಿಕರಿಗೆ ಷೇರು ಮಾರಿ ತಂಡವನ್ನು ಉಳಿಸಿಕೊಳ್ಳಲಾಗಿತ್ತು. ಈ ಷೇರುಗಳಿಗೆ ಲಾಭಾಂಶವಿಲ್ಲ. ತಂಡ ತಮ್ಮದೆಂಬ ಹೆಮ್ಮೆಯೊಂದೇ ಅದರಿಂದ ದೊರೆಯುವ ಫಲ.

1950ರ ದಶಕದಲ್ಲಿ ಈ ಹೆಮ್ಮೆಗೆ ಕುಂದು ಬಂದಿತು. 1947ರ ನಂತರ ಹನ್ನೊಂದು ವರ್ಷಗಳ ಕಾಲ ತಂಡ ಒಮ್ಮೆಯೂ ಸೋಲಿಗಿಂತ ಹೆಚ್ಚು ಗೆಲುವು ಕಾಣಲಿಲ್ಲ. ಗ್ರೀನ್ ಬೇಯ ಜನಸಂಖ್ಯೆ ಆಗ ಸುಮಾರು 60 ಸಾವಿರ ಮಾತ್ರ. ನ್ಯೂಯಾರ್ಕ್, ಶಿಕಾಗೊಗಳಂತಹ ಮಹಾನಗರಗಳ ನಡುವೆ ಇಷ್ಟು ಚಿಕ್ಕ ಊರು ವೃತ್ತಿಪರ ತಂಡವನ್ನು ಎಷ್ಟು ಕಾಲ ಉಳಿಸಿಕೊಂಡೀತು ಎಂಬ ಪ್ರಶ್ನೆ ಎದ್ದಿತ್ತು. ನಾಗರಿಕರು ತೆರಿಗೆಯ ಹೊರೆಯನ್ನು ಒಪ್ಪಿ ಮತ ನೀಡಿದ್ದರಿಂದ 1957ರಲ್ಲಿ ಸುಮಾರು 32 ಸಾವಿರ ಆಸನಗಳ ಹೊಸ ಕ್ರೀಡಾಂಗಣ ಸಿದ್ಧವಾಯಿತು. ಆದರೆ ಅದರಲ್ಲಿ ಆಡಬೇಕಾದ ತಂಡ 1958ರಲ್ಲಿ ಹನ್ನೆರಡು ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದು, ಒಂದನ್ನು ಸಮಗೊಳಿಸಿ, ಹತ್ತರಲ್ಲಿ ಸೋತಿತು. ಬಾಲ್ಟಿಮೋರ್ ತಂಡದೆದುರು 56–0ರ ಸೋಲೂ ಅದರಲ್ಲಿ ಸೇರಿತ್ತು. ತಂಡದ ಆಡಳಿತ ನಡೆಸುತ್ತಿದ್ದ ಸಮಿತಿಯ ಸದಸ್ಯರು ತರಬೇತುದಾರನ ಕೆಲಸದಲ್ಲಿ ಕೈಹಾಕುತ್ತಿದ್ದುದೂ ಈ ಅವನತಿಗೆ ಒಂದು ಕಾರಣವಾಗಿತ್ತು.

ಹೊಸ ತರಬೇತುದಾರ

1959ರ ಜನವರಿಯಲ್ಲಿ ಲೊಂಬಾರ್ಡಿಯವರು ಐದು ವರ್ಷಗಳ ಒಪ್ಪಂದದ ಮೇಲೆ ಪ್ಯಾಕರ್ಸ್ ತಂಡದ ಮುಖ್ಯ ತರಬೇತುದಾರರೂ ಪ್ರಧಾನ ವ್ಯವಸ್ಥಾಪಕರೂ ಆಗಿ ನೇಮಕಗೊಂಡರು. ಎರಡೂ ಅಧಿಕಾರಗಳು ತಮ್ಮಲ್ಲೇ ಇರಬೇಕು, ಆಟದ ವಿಷಯದಲ್ಲಿ ಸಮಿತಿ ತಲೆಹಾಕಬಾರದು ಎಂಬುದು ಅವರ ಷರತ್ತಾಗಿತ್ತು. ಗ್ರೀನ್ ಬೇ ಜನರಿಗೆ ಅವರ ಹೆಸರು ಹೆಚ್ಚು ಪರಿಚಿತವಾಗಿರಲಿಲ್ಲ. ಅವರನ್ನು ಕರೆತರುವಲ್ಲಿ ಆಟಗಾರರ ಶೋಧಕ ಜ್ಯಾಕ್ ವೈನಿಸಿ ಅವರ ಪಾತ್ರ ದೊಡ್ಡದು. ತಂಡದಲ್ಲಿ ಆಗಲೇ ಇದ್ದ ಜಿಮ್ ಟೇಲರ್, ಪಾಲ್ ಹಾರ್ನಂಗ್, ರೇ ನಿಟ್ಶ್ಕಿ, ಜೆರ್ರಿ ಕ್ರೇಮರ್, ಫಾರೆಸ್ಟ್ ಗ್ರೆಗ್ ಮುಂತಾದವರನ್ನು ಆರಿಸುವುದರಲ್ಲೂ ಅವರ ಶ್ರಮವಿತ್ತು. ವೈನಿಸಿ 1960ರ ನವೆಂಬರಿನಲ್ಲಿ, 33ನೆಯ ವಯಸ್ಸಿನಲ್ಲೇ ತೀರಿಕೊಂಡರು. ತಮ್ಮ ಪರಿಶ್ರಮದ ಪೂರ್ಣ ಫಲವನ್ನು ಅವರು ಕಾಣಲಿಲ್ಲ.

ಲೊಂಬಾರ್ಡಿಯವರು ಹಳೆಯ ಪಂದ್ಯಗಳ ಚಲನಚಿತ್ರಗಳನ್ನು ತಿಂಗಳುಗಟ್ಟಲೆ ನೋಡಿ ಪ್ರತಿ ಆಟಗಾರನ ಗುಣದೋಷಗಳನ್ನು ಗುರುತಿಸಿದರು. ತಂಡದ ಪ್ರಮುಖ ಆಟಗಾರರಲ್ಲಿ ಒಬ್ಬರಾಗಿದ್ದ ಬಿಲ್ಲಿ ಹೌಟನ್ ಅವರನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಇಬ್ಬರನ್ನು ಪಡೆದರು. ಯಾವ ಸ್ಥಾನದಲ್ಲೂ ನೆಲೆ ನಿಲ್ಲದಿದ್ದ ಹಾರ್ನಂಗ್ ಅವರಿಗೆ ಎಡ 'ಹಾಫ್‌ಬ್ಯಾಕ್' ಸ್ಥಾನವನ್ನು ಖಚಿತಪಡಿಸಿದರು. ಸಭೆಗೆ ಹತ್ತು ನಿಮಿಷ ಮೊದಲೇ ಬಾರದವನನ್ನು ತಡವಾಗಿ ಬಂದವನೆಂದೇ ಪರಿಗಣಿಸಿದರು.

ಅವರು ಮೊದಲು ಕಲಿಸಿದ್ದು ಒಂದೇ ಒಂದು ಚಲನೆಯನ್ನು. ಇಬ್ಬರು ಗಾರ್ಡ್‌ಗಳು ತಮ್ಮ ಸ್ಥಾನ ಬಿಟ್ಟು ಪಕ್ಕಕ್ಕೆ ಓಡಿ ದಾರಿ ಮಾಡಿಕೊಡುವುದು, ಓಟಗಾರ ಅವರ ಹಿಂದೆ ಬಂದು ತೆರವು ಕಂಡಲ್ಲಿ ನುಗ್ಗುವುದು. 'ಪ್ಯಾಕರ್ಸ್ ಸ್ವೀಪ್' ಎಂದು ಪ್ರಸಿದ್ಧವಾದ ಈ ಚಲನೆಯಲ್ಲಿ ಗುಟ್ಟೇನೂ ಇರಲಿಲ್ಲ. ಅದು ಬರಲಿದೆಯೆಂದು ಎದುರಾಳಿಗಳಿಗೆ ಗೊತ್ತಿದ್ದರೂ ತಡೆಯುವುದು ಕಷ್ಟವಾಗುತ್ತಿತ್ತು. ಹನ್ನೊಂದು ಮಂದಿಯೂ ತಮ್ಮ ತಮ್ಮ ಹೆಜ್ಜೆಯನ್ನು ತಪ್ಪಿಲ್ಲದೆ ಇಡುವವರೆಗೆ ಅಭ್ಯಾಸ ನಡೆಯುತ್ತಿದ್ದುದೇ ಅದರ ಬಲ.

1959ರ ಸೆಪ್ಟೆಂಬರ್ 27ರಂದು ಮೊದಲ ಪಂದ್ಯದಲ್ಲಿ ಪ್ಯಾಕರ್ಸ್ ತನ್ನ ಹಳೆಯ ಪ್ರತಿಸ್ಪರ್ಧಿ ಶಿಕಾಗೊ ಬೇರ್ಸ್ ತಂಡವನ್ನು 9–6ರಿಂದ ಸೋಲಿಸಿತು. ಆಟಗಾರರು ತರಬೇತುದಾರರನ್ನು ಹೆಗಲ ಮೇಲೆ ಹೊತ್ತು ಅಂಕಣದಿಂದ ಹೊರಗೆ ಕರೆದೊಯ್ದರು. ಮೊದಲ ಮೂರು ಪಂದ್ಯಗಳನ್ನು ಗೆದ್ದ ತಂಡ ಅನಂತರ ಸತತವಾಗಿ ಐದರಲ್ಲಿ ಸೋತಿತು. ಹಿಂದಿನ ವರ್ಷಗಳ ಕಥೆಯೇ ಮರುಕಳಿಸಿತೆಂದು ಜನ ನಿರಾಶರಾದರು. ಆದರೆ ಕೊನೆಯ ನಾಲ್ಕೂ ಪಂದ್ಯಗಳಲ್ಲಿ ಗೆಲುವು ದೊರೆಯಿತು. ಏಳು ಗೆಲುವು, ಐದು ಸೋಲುಗಳೊಂದಿಗೆ ಋತು ಮುಗಿಯಿತು, ಲೊಂಬಾರ್ಡಿಯವರು ವರ್ಷದ ಶ್ರೇಷ್ಠ ತರಬೇತುದಾರರೆನಿಸಿದರು. ಆ ನಾಲ್ಕು ಗೆಲುವುಗಳಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಬಾರ್ಟ್ ಸ್ಟಾರ್.

ಬಾರ್ಟ್ ಸ್ಟಾರ್ ಅವರೊಡನೆ

ಬಾರ್ಟ್ ಸ್ಟಾರ್ 1934ರ ಜನವರಿ 9ರಂದು ಅಲಬಾಮ ರಾಜ್ಯದ ಮಾಂಟ್ಗೊಮರಿಯಲ್ಲಿ ಜನಿಸಿದರು. ತಂದೆ ಸೇನೆಯಲ್ಲಿದ್ದ ಕಟ್ಟುನಿಟ್ಟಿನ ವ್ಯಕ್ತಿ. ತಮ್ಮನೊಬ್ಬ ಬಾಲ್ಯದಲ್ಲೇ ಧನುರ್ವಾಯುವಿಗೆ ಬಲಿಯಾಗಿದ್ದ. ಸ್ಟಾರ್ ಮಿತಭಾಷಿ, ಸಂಕೋಚ ಸ್ವಭಾವದವರು. ಅಲಬಾಮ ವಿಶ್ವವಿದ್ಯಾಲಯದಲ್ಲಿ ಅವರ ಕೊನೆಯ ವರ್ಷದಲ್ಲಿ ತಂಡ ಹತ್ತಕ್ಕೆ ಹತ್ತೂ ಪಂದ್ಯಗಳನ್ನು ಸೋತಿತ್ತು. 1956ರ ಆಟಗಾರರ ಆಯ್ಕೆಯಲ್ಲಿ ಪ್ಯಾಕರ್ಸ್ ಅವರನ್ನು ಹದಿನೇಳನೆಯ ಸುತ್ತಿನಲ್ಲಿ, 200ನೆಯವರಾಗಿ ಆರಿಸಿಕೊಂಡಿತು. ಮೊದಲ ಮೂರು ವರ್ಷಗಳಲ್ಲಿ ಅವರು ಯಾರ ಗಮನವನ್ನೂ ಸೆಳೆಯಲಿಲ್ಲ.

ಲೊಂಬಾರ್ಡಿಯವರೂ ಆರಂಭದಲ್ಲಿ ಸ್ಟಾರ್ ಅವರನ್ನು ನಂಬಲಿಲ್ಲ. ಅವರು ತೀರಾ ಸೌಮ್ಯರೆಂಬ ಅನುಮಾನದಿಂದ ಬೇರೊಂದು ತಂಡದಿಂದ ಲಮಾರ್ ಮೆಕ್‌ಹಾನ್ ಅವರನ್ನು ತಂದು ಮೊದಲ ಅವಕಾಶ ನೀಡಿದರು. ಆದರೆ ಸ್ಟಾರ್ ಹೊಸ ತರಬೇತುದಾರರನ್ನು ಮೊದಲ ದಿನವೇ ನಂಬಿದ್ದರು. ಲೊಂಬಾರ್ಡಿಯವರು ಕಪ್ಪುಹಲಗೆಯ ಮುಂದೆ ನಡೆಸಿದ ಮೊದಲ ಪಾಠ ಮುಗಿದ ಕೂಡಲೇ ಪತ್ನಿ ಚೆರಿಗೆ ದೂರವಾಣಿ ಕರೆಮಾಡಿ, ತಂಡ ಇನ್ನು ಗೆಲ್ಲತೊಡಗುತ್ತದೆ ಎಂದು ತಿಳಿಸಿದ್ದನ್ನು ಅವರು ಮುಂದೆ ಹಲವು ಬಾರಿ ಸ್ಮರಿಸಿಕೊಂಡಿದ್ದಾರೆ.

1960ರಲ್ಲೂ ಕ್ವಾರ್ಟರ್‌ಬ್ಯಾಕ್ ಸ್ಥಾನ ಇಬ್ಬರ ನಡುವೆ ಓಲಾಡಿ, ಋತುವಿನ ಮಧ್ಯದಲ್ಲಿ ಸ್ಟಾರ್ ಅವರಿಗೆ ಖಾಯಂ ಆಯಿತು. ಈ ಅವಧಿಯ ಒಂದು ಘಟನೆ ಇಬ್ಬರ ಸಂಬಂಧವನ್ನು ರೂಪಿಸಿತು. ಅಭ್ಯಾಸದ ವೇಳೆ ಲೊಂಬಾರ್ಡಿಯವರು ಎಲ್ಲರೆದುರು ಸ್ಟಾರ್ ಅವರನ್ನು ಕಟುವಾಗಿ ಗದರಿದರು. ಸ್ಟಾರ್ ಅನಂತರ ಅವರ ಕೊಠಡಿಗೆ ಹೋಗಿ, ತಪ್ಪು ಮಾಡಿದಾಗ ಬೈಸಿಕೊಳ್ಳಲು ಸಿದ್ಧವಿರುವುದಾಗಿಯೂ, ಆದರೆ ತಂಡವನ್ನು ನಡೆಸಬೇಕಾದವನನ್ನು ತಂಡದೆದುರೇ ಬೈದರೆ ಯಾರೂ ಅವನ ಮಾತು ಕೇಳುವುದಿಲ್ಲವೆಂದೂ ವಿನಯದಿಂದ ತಿಳಿಸಿದರು. ಲೊಂಬಾರ್ಡಿಯವರು ಅದನ್ನು ಒಪ್ಪಿಕೊಂಡರು. ಮತ್ತೆಂದೂ ಬಹಿರಂಗವಾಗಿ ಅವರನ್ನು ಗದರಲಿಲ್ಲ.

ಮುಂದಿನ ವರ್ಷಗಳಲ್ಲಿ ಇಬ್ಬರೂ ಗಂಟೆಗಟ್ಟಲೆ ಕುಳಿತು ಎದುರಾಳಿಗಳ ಆಟದ ಚಿತ್ರಗಳನ್ನು ನೋಡುತ್ತಿದ್ದರು. ಯಾವ ಸಂದರ್ಭದಲ್ಲಿ ಏನು ಮಾಡಬೇಕೆಂಬುದರಲ್ಲಿ ಇಬ್ಬರ ಯೋಚನೆಯೂ ಒಂದಾಗುವವರೆಗೆ ಈ ಪಾಠ ನಡೆಯುತ್ತಿತ್ತು. ಅಂಕಣದಲ್ಲಿ ಸ್ಟಾರ್ ಒಬ್ಬರೇ ನಿರ್ಧರಿಸಬೇಕಾಗಿದ್ದುದರಿಂದ ಇದು ಅನಿವಾರ್ಯವೂ ಆಗಿತ್ತು. ಸ್ಟಾರ್ ಅವರ ತೋಳಿನ ಶಕ್ತಿ ಅಸಾಧಾರಣವಾದುದೇನಲ್ಲ. ನಿಖರತೆ, ಸಮಚಿತ್ತ ಮತ್ತು ಓದಿನ ಶ್ರದ್ಧೆ ಅವರ ಗುಣಗಳಾಗಿದ್ದವು. 1966ರಲ್ಲಿ ಅವರು ಲೀಗ್‌ನ ಅತ್ಯಮೂಲ್ಯ ಆಟಗಾರರೆನಿಸಿದರು.

ಪ್ರಶಸ್ತಿಗಳ ಕಾಲ

1960ರಲ್ಲಿ ಪ್ಯಾಕರ್ಸ್ ಅಂತಿಮ ಪಂದ್ಯ ತಲುಪಿ ಫಿಲಡೆಲ್ಫಿಯಾದಲ್ಲಿ ಈಗಲ್ಸ್ ತಂಡದೆದುರು 17–13ರಿಂದ ಸೋತಿತು. ಕೊನೆಯ ಕ್ಷಣದಲ್ಲಿ ಜಿಮ್ ಟೇಲರ್ ಗಡಿಗೆರೆಗೆ ಹತ್ತು ಗಜದೊಳಗೆ ಬಂದಾಗ ಚಕ್ ಬೆಡ್ನಾರಿಕ್ ಅವರನ್ನು ಕೆಡವಿ ಹಿಡಿದರು. ಅಂತಿಮ ಹಂತದ ಪಂದ್ಯಗಳಲ್ಲಿ ಲೊಂಬಾರ್ಡಿಯವರು ಕಂಡ ಸೋಲು ಇದೊಂದೇ. ಆ ಬಳಿಕ ನಡೆದ ಇಂತಹ ಒಂಬತ್ತು ಪಂದ್ಯಗಳನ್ನೂ ಅವರ ತಂಡ ಗೆದ್ದಿತು. ಆ ವರ್ಷ ಹಾರ್ನಂಗ್ ಗಳಿಸಿದ 176 ಅಂಕಗಳ ದಾಖಲೆ 2006ರವರೆಗೆ ಅಳಿಯಲಿಲ್ಲ. 1960ರಿಂದೀಚೆಗೆ ಗ್ರೀನ್ ಬೇಯಲ್ಲಿ ಋತುವಿನ ಟಿಕೆಟ್‌ಗಳು ಪ್ರತಿ ವರ್ಷವೂ ಪೂರ್ಣ ಮಾರಾಟವಾಗುತ್ತಾ ಬಂದಿವೆ.

1961ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲೇ ನಡೆದ ಅಂತಿಮ ಪಂದ್ಯದಲ್ಲಿ ಪ್ಯಾಕರ್ಸ್ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು 37–0ರಿಂದ ಮಣಿಸಿತು. ಒಂದು ಕಾಲಕ್ಕೆ ಸಹಾಯಕರಾಗಿ ದುಡಿದ ತಂಡವನ್ನೇ ಲೊಂಬಾರ್ಡಿಯವರು ಹೀಗೆ ಎದುರಿಸಿ ಗೆದ್ದರು. 1962ರಲ್ಲಿ ತಂಡ ಹದಿನಾಲ್ಕರಲ್ಲಿ ಹದಿಮೂರು ಪಂದ್ಯಗಳನ್ನು ಗೆದ್ದು, ಅಂತಿಮ ಪಂದ್ಯದಲ್ಲಿ ಮತ್ತೆ ಜೈಂಟ್ಸ್ ತಂಡವನ್ನು 16–7ರಿಂದ ಸೋಲಿಸಿತು. 1963ರಲ್ಲಿ ಪಂದ್ಯಗಳ ಮೇಲೆ ಪಣ ಕಟ್ಟಿದ ಕಾರಣ ಹಾರ್ನಂಗ್ ಅವರನ್ನು ಲೀಗ್ ಇಡೀ ಋತುವಿಗೆ ಅಮಾನತುಗೊಳಿಸಿತು. ಆ ವರ್ಷವೂ ಮರುವರ್ಷವೂ ಪ್ರಶಸ್ತಿ ಕೈತಪ್ಪಿತು. ಅನಂತರ 1965, 1966 ಮತ್ತು 1967ರಲ್ಲಿ ತಂಡ ಸತತವಾಗಿ ಮೂರು ಬಾರಿ ಚಾಂಪಿಯನ್ ಆಯಿತು.

1966ರಲ್ಲಿ ಎರಡು ಪ್ರತಿಸ್ಪರ್ಧಿ ಲೀಗ್‌ಗಳು ವಿಲೀನಕ್ಕೆ ಒಪ್ಪಿದ್ದರಿಂದ ಅವುಗಳ ಚಾಂಪಿಯನ್‌ಗಳ ನಡುವೆ ಹೊಸದೊಂದು ಪಂದ್ಯ ಆರಂಭವಾಯಿತು. ಮುಂದೆ 'ಸೂಪರ್ ಬೌಲ್' ಎಂದು ಹೆಸರಾದ ಈ ಸರಣಿಯ ಮೊದಲ ಪಂದ್ಯ 1967ರ ಜನವರಿ 15ರಂದು ನಡೆಯಿತು. ಪ್ಯಾಕರ್ಸ್ ಅದರಲ್ಲಿ ಕಾನ್ಸಾಸ್ ಸಿಟಿ ತಂಡವನ್ನು 35–10ರಿಂದಲೂ ಮರುವರ್ಷ ಓಕ್ಲೆಂಡ್ ತಂಡವನ್ನು 33–14ರಿಂದಲೂ ಸೋಲಿಸಿತು. ಎರಡರಲ್ಲೂ ಪಂದ್ಯಶ್ರೇಷ್ಠರಾದವರು ಬಾರ್ಟ್ ಸ್ಟಾರ್.

ಹಿಮಗಟ್ಟಿದ ಅಂಕಣದ ಪಂದ್ಯ

1967ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದೊಡನೆ ನಡೆದ ಪಂದ್ಯ ಅಮೆರಿಕದ ಕ್ರೀಡಾ ಇತಿಹಾಸದಲ್ಲಿ 'ಐಸ್ ಬೌಲ್' ಎಂದು ದಾಖಲಾಗಿದೆ. ಎದುರಾಳಿಗಳ ತರಬೇತುದಾರ ಹಳೆಯ ಸಹೋದ್ಯೋಗಿ ಟಾಮ್ ಲ್ಯಾಂಡ್ರಿ. ಅಂದಿನ ಉಷ್ಣಾಂಶ ಶೂನ್ಯಕ್ಕಿಂತ ಸುಮಾರು 25 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಅಂಕಣವನ್ನು ಬೆಚ್ಚಗಿಡಲು ಲೊಂಬಾರ್ಡಿಯವರು ನೆಲದಡಿಯಲ್ಲಿ ಹಾಕಿಸಿದ್ದ ವಿದ್ಯುತ್ ತಂತಿಗಳ ವ್ಯವಸ್ಥೆ ಅಂದೇ ಕೈಕೊಟ್ಟು, ನೆಲ ಮಂಜುಗಡ್ಡೆಯಂತಾಯಿತು. ಹಾಗಿದ್ದರೂ 50 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು ನೆರೆದಿದ್ದರು.

ಹದಿನಾರು ಸೆಕೆಂಡುಗಳು ಉಳಿದಿರುವಾಗ ಪ್ಯಾಕರ್ಸ್ ಮೂರು ಅಂಕ ಹಿಂದಿತ್ತು. ಗಡಿಗೆರೆ ಒಂದು ಗಜಕ್ಕೂ ಕಡಿಮೆ ದೂರದಲ್ಲಿತ್ತು. ಸ್ಟಾರ್ ಅಂಕಣದ ಅಂಚಿಗೆ ಬಂದು, ಓಟಗಾರರ ಕಾಲುಗಳು ಜಾರುತ್ತಿರುವುದರಿಂದ ತಾವೇ ಚೆಂಡು ಹೊತ್ತು ನುಗ್ಗುವುದಾಗಿ ತಿಳಿಸಿದರು. ಮೂರು ಅಂಕದ ಒದೆತದಿಂದ ಸಮಗೊಳಿಸುವ ಸುರಕ್ಷಿತ ಮಾರ್ಗವಿದ್ದರೂ ಲೊಂಬಾರ್ಡಿಯವರು ಕೂಡಲೇ ಸಮ್ಮತಿಸಿದರು. ಜೆರ್ರಿ ಕ್ರೇಮರ್ ಮತ್ತು ಕೆನ್ ಬೌಮನ್ ಎದುರಾಳಿಯನ್ನು ಹಿಂದಕ್ಕೆ ತಳ್ಳಿ ಮಾಡಿಕೊಟ್ಟ ಕಿರುದಾರಿಯಲ್ಲಿ ಸ್ಟಾರ್ ಗಡಿಗೆರೆ ದಾಟಿದರು. ಪ್ಯಾಕರ್ಸ್ 21–17ರಿಂದ ಗೆದ್ದಿತು. ಒಂಬತ್ತು ವರ್ಷಗಳ ಹಿಂದೆ ತಾವು ಅನುಮಾನಿಸಿದ್ದ ಯುವಕನ ನಿರ್ಧಾರಕ್ಕೆ ಲೊಂಬಾರ್ಡಿಯವರು ಅಂದು ಇಡೀ ಋತುವನ್ನೇ ಒಪ್ಪಿಸಿದ್ದರು.

ಸ್ವಭಾವ ಮತ್ತು ಧೋರಣೆ

ಲೊಂಬಾರ್ಡಿಯವರು ಮುಂಗೋಪಿಗಳು. ಗಟ್ಟಿ ದನಿಯಲ್ಲಿ ಗದರುವುದು, ಮರುಕ್ಷಣವೇ ಬೆನ್ನು ತಟ್ಟುವುದು ಎರಡೂ ಅವರಲ್ಲಿದ್ದವು. ಯಾರನ್ನು ಗದರಿದರೆ ಚುರುಕಾಗುತ್ತಾರೆ, ಯಾರನ್ನು ಗದರಿದರೆ ಕುಗ್ಗುತ್ತಾರೆ ಎಂಬುದನ್ನು ಅರಿತು ನಡೆದುಕೊಳ್ಳುತ್ತಿದ್ದರು. ಈ ಏಕಾಗ್ರತೆಗೆ ಅವರು ಬೆಲೆಯನ್ನೂ ತೆತ್ತರು. ಪತ್ನಿ ಮತ್ತು ಮಕ್ಕಳಿಗೆ ಕೊಡಬೇಕಾದ ಕಾಲದ ಬಹುಪಾಲು ತಂಡಕ್ಕೆ ಸಂದಿತು. ಮಗನೊಡನೆ ಅವರ ಸಂಬಂಧ ಸಲೀಸಾಗಿರಲಿಲ್ಲ.

ಗೆಲುವನ್ನು ಬಿಟ್ಟು ಬೇರೇನೂ ಇಲ್ಲವೆಂಬ ಅರ್ಥದ ಒಂದು ಮಾತು ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ. ಅದನ್ನು ಅವರಿಗಿಂತ ಮೊದಲೇ ರೆಡ್ ಸ್ಯಾಂಡರ್ಸ್ ಎಂಬ ತರಬೇತುದಾರರು ಹೇಳಿದ್ದರು. ಲೊಂಬಾರ್ಡಿಯವರೂ ಅದನ್ನು ಬಳಸಿದ್ದುಂಟು. ಆದರೆ ಗೆಲ್ಲಲು ಪೂರ್ಣ ಪ್ರಯತ್ನ ಮಾಡುವುದೇ ಮುಖ್ಯವೆಂಬುದು ತಮ್ಮ ಅಭಿಪ್ರಾಯವೆಂದು ಅವರು ಮುಂದೆ ಸ್ಪಷ್ಟಪಡಿಸಿದರು. ಲೇಖಕ ಡಬ್ಲ್ಯು. ಸಿ. ಹೈನ್ಜ್ ಅವರೊಡನೆ ರಚಿಸಿದ 'ರನ್ ಟು ಡೇಲೈಟ್' ಎಂಬ ಅವರ ಕೃತಿ 1963ರಲ್ಲಿ ಪ್ರಕಟವಾಯಿತು.

ವರ್ಣಭೇದವನ್ನು ಅವರು ಸಹಿಸುತ್ತಿರಲಿಲ್ಲ. ಕರಿಯ ಆಟಗಾರರಿಗೆ ಪ್ರವೇಶ ನಿರಾಕರಿಸುವ ಹೋಟೆಲು ಅಥವಾ ಪಾನಗೃಹಕ್ಕೆ ತಂಡದ ಯಾರೂ ಕಾಲಿಡಬಾರದೆಂದು ಆಜ್ಞಾಪಿಸಿದ್ದರು. ಅವರು ಬಂದಾಗ ತಂಡದಲ್ಲಿ ಒಬ್ಬರೇ ಕರಿಯ ಆಟಗಾರರಿದ್ದರು. ಮುಂದೆ ಎಮ್ಲೆನ್ ಟನೆಲ್, ವಿಲ್ಲಿ ಡೇವಿಸ್, ವಿಲ್ಲಿ ವುಡ್, ಹರ್ಬ್ ಆಡರ್ಲಿ ಮೊದಲಾದವರು ತಂಡದ ಆಧಾರಸ್ತಂಭಗಳಾದರು.

ವಾಷಿಂಗ್ಟನ್ ಮತ್ತು ನಿಧನ

1968ರ ಫೆಬ್ರವರಿಯಲ್ಲಿ ಲೊಂಬಾರ್ಡಿಯವರು ತರಬೇತುದಾರನ ಹುದ್ದೆಯನ್ನು ಸಹಾಯಕ ಫಿಲ್ ಬೆಂಗ್ಟ್‌ಸನ್ ಅವರಿಗೆ ಒಪ್ಪಿಸಿ, ಒಂದು ವರ್ಷ ವ್ಯವಸ್ಥಾಪಕರಾಗಿ ಮಾತ್ರ ಉಳಿದರು. ಆಟದಿಂದ ದೂರವಿರುವುದು ಅವರಿಗೆ ಅಸಹನೀಯವಾಯಿತು. 1969ರಲ್ಲಿ ವಾಷಿಂಗ್ಟನ್ ರೆಡ್‌ಸ್ಕಿನ್ಸ್ ತಂಡದ ಮುಖ್ಯ ತರಬೇತುದಾರರಾಗಿ, ಮಾಲೀಕತ್ವದಲ್ಲೂ ಪಾಲು ಪಡೆದು ಸೇರಿದರು. ಅಲ್ಲಿನ ಹೊಸ ಓಟಗಾರ ಲ್ಯಾರಿ ಬ್ರೌನ್ ಪ್ರತಿ ಬಾರಿಯೂ ತುಸು ತಡವಾಗಿ ಹೊರಡುವುದನ್ನು ಗಮನಿಸಿ, ಶ್ರವಣ ಪರೀಕ್ಷೆ ಮಾಡಿಸಿದರು. ಒಂದು ಕಿವಿ ಸರಿಯಾಗಿ ಕೇಳಿಸದೆಂದು ತಿಳಿದಾಗ ಶಿರಸ್ತ್ರಾಣದಲ್ಲಿ ಶ್ರವಣ ಸಾಧನ ಅಳವಡಿಸಿದರು. ಬ್ರೌನ್ ಮುಂದೆ ಲೀಗ್‌ನ ಅಗ್ರ ಓಟಗಾರರಲ್ಲಿ ಒಬ್ಬರಾದರು. ಆ ವರ್ಷ ತಂಡ ಏಳು ಗೆಲುವು, ಐದು ಸೋಲು, ಎರಡು ಸಮಗಳೊಂದಿಗೆ 1955ರ ನಂತರದ ತನ್ನ ಮೊದಲ ಉತ್ತಮ ಋತುವನ್ನು ಕಂಡಿತು.

1970ರ ಬೇಸಿಗೆಯಲ್ಲಿ ಅವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಎರಡು ಶಸ್ತ್ರಚಿಕಿತ್ಸೆಗಳಾದರೂ ರೋಗ ಹತೋಟಿಗೆ ಬರಲಿಲ್ಲ. ಸೆಪ್ಟೆಂಬರ್ 3ರಂದು ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, 57ನೆಯ ವಯಸ್ಸಿನಲ್ಲಿ ನಿಧನರಾದರು. ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನಲ್ಲಿ ಅಂತಿಮ ಪ್ರಾರ್ಥನೆ ನೆರವೇರಿತು. ಅವರ ಸಮಾಧಿ ನ್ಯೂಜೆರ್ಸಿಯ ಮಿಡಲ್‌ಟೌನ್‌ನಲ್ಲಿದೆ.

ನಂತರದ ಗ್ರೀನ್ ಬೇ

ಲೊಂಬಾರ್ಡಿಯವರ ನಿರ್ಗಮನದ ನಂತರ ಪ್ಯಾಕರ್ಸ್ ತಂಡ ಮತ್ತೆ ಕೆಳಗಿಳಿಯಿತು. ಹೊಸ ತರಬೇತುದಾರರು ಬಂದಾಗಲೆಲ್ಲ 1959 ಮರಳಿ ಬರುವುದೆಂಬ ಆಸೆ ಜನರಲ್ಲಿ ಚಿಗುರುತ್ತಿತ್ತು. 1975ರಲ್ಲಿ ಬಾರ್ಟ್ ಸ್ಟಾರ್ ಅವರೇ ಮುಖ್ಯ ತರಬೇತುದಾರರಾದಾಗ ಆ ಆಸೆ ಅತ್ಯಂತ ಬಲವಾಗಿತ್ತು. ಆದರೆ ಒಂಬತ್ತು ವರ್ಷಗಳಲ್ಲಿ ಅವರಿಗೆ ಗೆಲುವಿಗಿಂತ ಸೋಲೇ ಹೆಚ್ಚು ಲಭಿಸಿತು. ಗುರುವಿನಿಂದ ಸಮಸ್ತವನ್ನೂ ಕಲಿತ ಶಿಷ್ಯನಿಗೂ ಆ ಯಶಸ್ಸನ್ನು ಪುನಃ ತರಲಾಗಲಿಲ್ಲ. ಹಾಗಿದ್ದರೂ ಊರಿನವರು ಅವರ ಮೇಲಿನ ಗೌರವವನ್ನು ಕಡಿಮೆ ಮಾಡಲಿಲ್ಲ. ಸ್ಟಾರ್ 2019ರ ಮೇ 26ರಂದು ನಿಧನರಾದರು.

1992ರಲ್ಲಿ ಮೈಕ್ ಹೋಮ್‌ಗ್ರೆನ್ ಹೊಸ ತರಬೇತುದಾರರಾಗಿಯೂ, 22 ವರ್ಷದ ಬ್ರೆಟ್ ಫಾವ್ರ್ ಯುವ ಕ್ವಾರ್ಟರ್‌ಬ್ಯಾಕ್ ಆಗಿಯೂ ಒಂದೇ ವರ್ಷ ಗ್ರೀನ್ ಬೇಗೆ ಬಂದರು. ಹೋಮ್‌ಗ್ರೆನ್ ಕೂಡ ಹಿಂದೆ ಪ್ರೌಢಶಾಲೆಯಲ್ಲಿ ಇತಿಹಾಸದ ಶಿಕ್ಷಕರಾಗಿದ್ದವರು. ಫಾವ್ರ್ ಅವರ ದುಡುಕನ್ನು ತಿದ್ದಲು ಅವರಿಗೆ ಹಲವು ಋತುಗಳು ಬೇಕಾದವು. 1997ರ ಜನವರಿಯಲ್ಲಿ ಪ್ಯಾಕರ್ಸ್ ನ್ಯೂ ಇಂಗ್ಲೆಂಡ್ ತಂಡವನ್ನು 35–21ರಿಂದ ಸೋಲಿಸಿದಾಗ, ಲೊಂಬಾರ್ಡಿಯವರ ಹೆಸರಿನ ಪಾರಿತೋಷಕ ಮೊದಲ ಬಾರಿಗೆ ಅವರ ಊರನ್ನು ಸೇರಿತು. ತಂಡದ ಹಿಂದಿನ ಸೂಪರ್ ಬೌಲ್ ಗೆಲುವು ದೊರೆತು ಆಗ 29 ವರ್ಷಗಳಾಗಿದ್ದವು.

ಗೌರವಗಳು ಮತ್ತು ಸ್ಮಾರಕಗಳು

ಪ್ಯಾಕರ್ಸ್ ತಂಡದ ತರಬೇತುದಾರರಾಗಿ ನಿಯತ ಋತುವಿನ ಪಂದ್ಯಗಳಲ್ಲಿ ಲೊಂಬಾರ್ಡಿಯವರ ಸಾಧನೆ 89 ಗೆಲುವು, 29 ಸೋಲು, 4 ಸಮ. ಮುಖ್ಯ ತರಬೇತುದಾರರಾಗಿದ್ದ ಹತ್ತು ಋತುಗಳಲ್ಲಿ ಒಂದರಲ್ಲೂ ಅವರ ತಂಡಕ್ಕೆ ಗೆಲುವಿಗಿಂತ ಸೋಲು ಹೆಚ್ಚಾಗಲಿಲ್ಲ. 1968ರಲ್ಲಿ ಗ್ರೀನ್ ಬೇ ಕ್ರೀಡಾಂಗಣದ ಮುಂದಿನ ರಸ್ತೆಗೆ ಅವರ ಹೆಸರನ್ನು ಇಡಲಾಯಿತು. 1971ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಗೌರವ ಸಭಾಂಗಣಕ್ಕೆ ಅವರನ್ನು ಮರಣೋತ್ತರವಾಗಿ ಸೇರಿಸಲಾಯಿತು. ಅದೇ ವರ್ಷದಿಂದ ಸೂಪರ್ ಬೌಲ್ ಪಾರಿತೋಷಕವು 'ವಿನ್ಸ್ ಲೊಂಬಾರ್ಡಿ ಪಾರಿತೋಷಕ' ಎಂಬ ಹೆಸರಿನಲ್ಲಿ ನೀಡಲ್ಪಡುತ್ತಿದೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕ್ಯಾನ್ಸರ್ ಸಂಶೋಧನಾ ಕೇಂದ್ರವೂ ಅವರ ಹೆಸರನ್ನು ಹೊತ್ತಿದೆ. 2003ರಲ್ಲಿ ಗ್ರೀನ್ ಬೇ ಕ್ರೀಡಾಂಗಣದ ಹೊರಗೆ ಕರ್ಲಿ ಲ್ಯಾಂಬೊ ಮತ್ತು ಲೊಂಬಾರ್ಡಿಯವರ ಪ್ರತಿಮೆಗಳನ್ನು ಸ್ಥಾಪಿಸಲಾಯಿತು.